ಹಠಾತ್ ಮೂತ್ರಪಿಂಡ ವೈಫಲ್ಯ ಮತ್ತು ಹಳ್ಳಿಯ ದವಾಖಾನೆ

ಯುಗಾದಿ ಸಮೀಪಿಸುತ್ತಿದ್ದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಿಂದ ಸದ್ಭಕ್ತರು ಮಲ್ಲಯ್ಯನ ಕಂಬಿಯೊಡನೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದು ತಲೆಮಾರುಗಳಿಂದ ನಡೆದುಬಂದ ಸಂಪ್ರದಾಯ. ರಾಯಚೂರಿನ ಬಯಲನ್ನು ದಾಟಿ, ಕರ್ನೂಲು ಸೀಮೆಯನ್ನು ಹಾಯ್ದು, ನಲ್ಲಮಲೆಯ ಕಾಡನ್ನೇರುವ ಈ ದಾರಿ ನೂರಾರು ಕಿಲೋಮೀಟರುಗಳದು. ಕಾಲವೋ ಬೇಸಿಗೆ. ದಾರಿಯುದ್ದಕ್ಕೂ ಊರವರು, ಮಠಗಳು, ತರುಣ ಸಂಘಗಳವರು ಅನ್ನ, ಮಜ್ಜಿಗೆ, ಪಾನಕಗಳ ದಾಸೋಹ ನಡೆಸುತ್ತಾರೆ. ಅದರ ಜೊತೆಗೆ ಔಷಧೋಪಚಾರದ ಸೇವೆಯೂ ಈಗ ಸೇರಿಕೊಂಡಿದೆ. ಅಂಗಾಲಿನಲ್ಲಿ ಬೊಬ್ಬೆ ಎದ್ದವರಿಗೆ ಮುಲಾಮು, ಮೊಣಕಾಲು ಹಿಡಿದವರಿಗೆ ನೋವಿನ ಗುಳಿಗೆ. ಗುಳಿಗೆ ನುಂಗಿದ ಯಾತ್ರಿಕ ಮರದ ನೆರಳಿನಲ್ಲಿ ಒಂದು ಗಳಿಗೆ ಕುಳಿತು, ನೋವು ಇಳಿದೊಡನೆ ಎದ್ದು ಮತ್ತೆ ನಡೆಯುತ್ತಾನೆ.

ಸೇವೆ ಮಾಡಿದವರ ಮನಸ್ಸು ನಿರ್ಮಲವಾದದ್ದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಯಾತ್ರಿಕನ ಶರೀರದ ಸ್ಥಿತಿಯನ್ನು ಸ್ವಲ್ಪ ಆಲೋಚಿಸಬೇಕು. ನಾಲ್ಕಾರು ದಿನಗಳಿಂದ ಬೆವರು ಹರಿದಿದೆ. ಕುಡಿದ ನೀರು ಹರಿದ ಬೆವರಿಗೆ ಸಾಟಿಯಾಗಿಲ್ಲ. ವಯಸ್ಸು ಐವತ್ತನ್ನು ದಾಟಿದ್ದರೆ ಆತನ ಕೈಚೀಲದಲ್ಲಿ ರಕ್ತದೊತ್ತಡದ ಗುಳಿಗೆಯೂ ಇದ್ದೀತು. ಇದರ ಮೇಲೆ ನೋವಿನ ಗುಳಿಗೆ ದಿನಕ್ಕೆರಡು, ಮೂರು. ಕಾಲಿನ ನೋವನ್ನು ಎಲ್ಲರೂ ವಿಚಾರಿಸುತ್ತಾರೆ. ‘ಇಂದು ಮೂತ್ರ ಎಷ್ಟು ಸಲ ಆಯಿತು, ಎಷ್ಟಾಯಿತು?’ ಎಂದು ಯಾರೂ ಕೇಳುವುದಿಲ್ಲ. ಬಹುಪಾಲು ಯಾತ್ರಿಕರಿಗೆ ಏನೂ ಆಗುವುದಿಲ್ಲ. ಮೂತ್ರಪಿಂಡದ ಸಹನಶಕ್ತಿ ದೊಡ್ಡದು. ಕೆಲವರಲ್ಲಿ ಮಾತ್ರ ಆ ಸಹನಶಕ್ತಿ ಎರಡು ಮೂರು ದಿನಗಳಲ್ಲಿ ಮುಗಿದುಹೋಗುತ್ತದೆ. ಅದೂ ಹೆಚ್ಚಿನ ಸಂದರ್ಭಗಳಲ್ಲಿ ಯಾವ ನೋವೂ ಇಲ್ಲದೆ. ಈ ಸ್ಥಿತಿಗೆ ವೈದ್ಯರು ಹಠಾತ್ ಮೂತ್ರಪಿಂಡ ವೈಫಲ್ಯವೆಂದು ಹೆಸರಿಟ್ಟಿದ್ದಾರೆ. ಇದು ಆರಂಭವಾಗುವುದು ದೊಡ್ಡ ಆಸ್ಪತ್ರೆಯಲ್ಲಲ್ಲ. ಹೊಲದಲ್ಲಿ, ದಾರಿಯಲ್ಲಿ, ಮನೆಯ ಪಡಸಾಲೆಯಲ್ಲಿ ಆರಂಭವಾಗಿ, ಮೊದಲಿಗೆ ಹಳ್ಳಿಯ ದವಾಖಾನೆಯ ಬಾಗಿಲಿಗೆ ಬರುತ್ತದೆ. ಅಲ್ಲಿ ಅದನ್ನು ಗುರುತಿಸಿದರೆ ಕೆಲವು ರೂಪಾಯಿಗಳಲ್ಲಿ ಗುಣವಾಗಬಹುದಾದದ್ದು, ಗುರುತಿಸದಿದ್ದರೆ ಡಯಾಲಿಸಿಸ್ ಯಂತ್ರದ ವರೆಗೆ ಹೋಗಿ ನಿಲ್ಲುತ್ತದೆ.

ಮೂತ್ರಪಿಂಡಗಳು ಬೆನ್ನೆಲುಬಿನ ಎರಡೂ ಪಕ್ಕಗಳಲ್ಲಿ, ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿ ಇರುವ ಅವರೆಬೀಜದ ಆಕಾರದ ಅಂಗಗಳು. ಒಂದೊಂದರ ತೂಕ ಸುಮಾರು 150 ಗ್ರಾಂ. ಗಾತ್ರದಲ್ಲಿ ಇಷ್ಟು ಚಿಕ್ಕವಾದರೂ ಹೃದಯವು ಹೊರದೂಡುವ ರಕ್ತದ ಐದನೆಯ ಒಂದು ಭಾಗ, ಎಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು, ಇವುಗಳ ಮೂಲಕ ಹಾಯುತ್ತದೆ. ಪ್ರತಿಯೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಘಟಕಗಳಿವೆ. ಪ್ರತಿ ಘಟಕದ ತಲೆಯಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳ ಒಂದು ಗೊಂಚಲು. ಅದರ ಕೆಳಗೆ ಒಂದು ನೀಳವಾದ ನಳಿಕೆ. ಗೊಂಚಲು ಸೋಸುತ್ತದೆ, ನಳಿಕೆ ಸೋಸಿದ್ದರಲ್ಲಿ ಶರೀರಕ್ಕೆ ಬೇಕಾದುದನ್ನು ಮರಳಿ ಪಡೆಯುತ್ತದೆ. ಒಂದು ಹಗಲು ಒಂದು ರಾತ್ರಿಯಲ್ಲಿ ಸೋಸಲ್ಪಡುವ ದ್ರವ ಸುಮಾರು 180 ಲೀಟರು. ಹೊರಗೆ ಹೋಗುವ ಮೂತ್ರ ಒಂದೂವರೆ ಲೀಟರು. ಉಳಿದುದನ್ನೆಲ್ಲ ನಳಿಕೆಗಳು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಈ ಎಳೆದುಕೊಳ್ಳುವ ಕಾಯಕಕ್ಕೆ ಆಮ್ಲಜನಕ ಬಹಳ ಬೇಕು. ಆದರೆ ನಳಿಕೆಗಳ ಒಳಭಾಗಕ್ಕೆ ಎಂದಿನ ದಿನಗಳಲ್ಲಿಯೂ ಅದು ಸಿಕ್ಕುವುದು ಅಷ್ಟಕ್ಕಷ್ಟೆ. ಆದುದರಿಂದ ರಕ್ತದ ಹರಿವು ಇಳಿಮುಖವಾದಾಗ ಮೊದಲು ಹಸಿಯುವುದೂ ಮೊದಲು ಸಾಯುವುದೂ ಈ ನಳಿಕೆಗಳ ಜೀವಕೋಶಗಳೇ.

ಈ ಕಾಯಿಲೆಯ ಹೆಸರಿನಲ್ಲಿಯೇ ಒಂದು ಚರಿತ್ರೆ ಅಡಗಿದೆ. ಹಿಂದೆ ವೈದ್ಯಗ್ರಂಥಗಳೆಲ್ಲ ‘ವೈಫಲ್ಯ’ವೆಂದೇ ಬರೆಯುತ್ತಿದ್ದವು. ಎಂದರೆ, ಅಂಗ ಪೂರ್ಣವಾಗಿ ಸೋತ ಮೇಲೆ ಹೆಸರಿಡುತ್ತಿದ್ದರು. 2004ರ ನಂತರ ಜಗತ್ತಿನ ಮೂತ್ರಪಿಂಡ ತಜ್ಞರು ಕ್ರಮೇಣ ಆ ಶಬ್ದವನ್ನು ಬಿಟ್ಟು ‘ಹಾನಿ’ ಎಂಬ ಅರ್ಥದ ಶಬ್ದವನ್ನು ಹಿಡಿದರು. ಸೋಲುವುದಕ್ಕೆ ಮೊದಲೇ ಪೆಟ್ಟು ಬಿದ್ದಿರುತ್ತದೆ, ಪೆಟ್ಟನ್ನೇ ಗುರುತಿಸಬೇಕು ಎಂಬುದು ಅವರ ವಾದ. ಕನ್ನಡದಲ್ಲಿ ‘ವೈಫಲ್ಯ’ವೇ ರೂಢಿಯಾಗಿರುವುದರಿಂದ ಇಲ್ಲಿಯೂ ಅದನ್ನು ಉಳಿಸಿಕೊಂಡಿದೆ, ಆದರೆ ಓದುವವರು ಅದರಲ್ಲಿ ಹಾನಿಯ ಅರ್ಥವನ್ನೂ ಸೇರಿಸಿಕೊಳ್ಳಬೇಕು. 2012ರಲ್ಲಿ ಅಂತರರಾಷ್ಟ್ರೀಯ ತಜ್ಞಮಂಡಲಿಯೊಂದು ನಿಗದಿಪಡಿಸಿದ ಲಕ್ಷಣ ಹೀಗಿದೆ: ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ತ್ಯಾಜ್ಯವಸ್ತು 48 ಗಂಟೆಗಳಲ್ಲಿ 0.3 ಮಿಲಿಗ್ರಾಮಿನಷ್ಟಾದರೂ ಏರಬೇಕು, ಇಲ್ಲವೆ ಏಳು ದಿನಗಳಲ್ಲಿ ಮೊದಲಿನ ಒಂದೂವರೆ ಪಟ್ಟಾಗಬೇಕು, ಇಲ್ಲವೆ ಮೂತ್ರವು ಆರು ಗಂಟೆಗಳ ಕಾಲ ಶರೀರದ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಮಿಲಿಲೀಟರಿಗಿಂತ ಕಡಿಮೆಯಾಗಬೇಕು. ಇವುಗಳಲ್ಲಿ ಒಂದಿದ್ದರೂ ಸಾಕು.

ಈ ಮೂರರಲ್ಲಿ ಮೊದಲ ಎರಡಕ್ಕೆ ಪ್ರಯೋಗಶಾಲೆ ಬೇಕು. ಮೂರನೆಯದಕ್ಕೆ ಒಂದು ಬಾಟಲಿ ಸಾಕು. ಅರವತ್ತು ಕಿಲೋ ತೂಕದ ಮನುಷ್ಯನಿಗೆ ಲೆಕ್ಕ ಹಾಕಿದರೆ ಗಂಟೆಗೆ 30 ಮಿಲಿಲೀಟರು, ಆರು ಗಂಟೆಗೆ 180. ಎಂದರೆ ಬೆಳಗಿನಿಂದ ಮಧ್ಯಾಹ್ನದ ವರೆಗೆ ಒಂದು ದೊಡ್ಡ ಲೋಟದಷ್ಟೂ ಮೂತ್ರವಾಗದಿದ್ದರೆ ಎಚ್ಚರಗೊಳ್ಳಬೇಕು. ನೀರಿನ ಖಾಲಿ ಬಾಟಲಿಯೊಂದಕ್ಕೆ ಗೆರೆ ಹಾಕಿ ರೋಗಿಯ ಹಾಸಿಗೆಯ ಬಳಿ ಇಟ್ಟರೆ ಅಳತೆಯ ಸಾಧನ ಸಿದ್ಧವಾಯಿತು. ಇಷ್ಟು ಸುಲಭವಾದ ಪರೀಕ್ಷೆ ನಮ್ಮಲ್ಲಿ ನಡೆಯದಿರಲು ಮುಖ್ಯ ಕಾರಣ ಸಂಕೋಚ. ರೋಗಿ ಹೇಳುವುದಿಲ್ಲ, ಉಪಚಾರಕರು ಕೇಳುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಸಂಕೋಚ ಇಮ್ಮಡಿ. ಕಳೆ ತೆಗೆಯಲು, ಹತ್ತಿ ಬಿಡಿಸಲು ಹೋಗುವ ಎಷ್ಟೋ ತಾಯಂದಿರು ನೀರು ಕುಡಿದರೆ ಮರೆ ಹುಡುಕಬೇಕಾದೀತೆಂದು ದಿನವಿಡೀ ನೀರನ್ನೇ ಕುಡಿಯದೆ ದುಡಿಯುತ್ತಾರೆ.

ಕ್ರಿಯಾಟಿನಿನ್ ಪರೀಕ್ಷೆಯಲ್ಲಿಯೂ ಒಂದು ಮೋಸವಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಈ ವಸ್ತು ಹುಟ್ಟುವುದು ಮಾಂಸಖಂಡಗಳಲ್ಲಿ. ಮೈಕೈ ತುಂಬಿಕೊಂಡ ಪುರುಷನಲ್ಲಿ ಅದು ಸಹಜವಾಗಿಯೇ ಹೆಚ್ಚು. ಬಡಕಲು ಶರೀರದ ಮುದುಕಿಯಲ್ಲಿ ಬಹಳ ಕಡಿಮೆ. ಪ್ರಯೋಗಶಾಲೆಯ ಚೀಟಿಯಲ್ಲಿ ‘ಸಹಜ ಮಿತಿ’ ಎಂದು ಅಚ್ಚಾಗಿರುವ ಅಂಕಿ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಆರೋಗ್ಯದಲ್ಲಿದ್ದಾಗ 0.5 ಇದ್ದ ಮುದುಕಿಯ ಅಂಕಿ ವಾಂತಿಭೇದಿಯ ಮೂರನೆಯ ದಿನ 1.0 ಆಗಿದ್ದರೆ, ಚೀಟಿ ಅದನ್ನು ಸಹಜವೆಂದೇ ತೋರಿಸುತ್ತದೆ. ವಾಸ್ತವವಾಗಿ ಅದು ಇಮ್ಮಡಿಯಾಗಿದೆ. ಮೂತ್ರಪಿಂಡಗಳು ತಮ್ಮ ಶಕ್ತಿಯ ಅರ್ಧದಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ಆಗಲೇ ಕಳೆದುಕೊಂಡಿವೆ. ಇದಲ್ಲದೆ ಪೆಟ್ಟು ಬಿದ್ದ ಗಳಿಗೆಯಲ್ಲಿಯೇ ಕ್ರಿಯಾಟಿನಿನ್ ಏರುವುದಿಲ್ಲ; ರಕ್ತದಲ್ಲಿ ಕೂಡಿಕೊಳ್ಳಲು ಅದಕ್ಕೆ ಒಂದೆರಡು ದಿನಗಳಾದರೂ ಬೇಕು. ಆದುದರಿಂದ ಒಂದು ಅಂಕಿಗೆ ಬೆಲೆ ಅಲ್ಪ. ಅದೇ ವ್ಯಕ್ತಿಯ ಹಿಂದಿನ ಅಂಕಿಯ ಪಕ್ಕದಲ್ಲಿ ಇಟ್ಟಾಗಲೇ ಅದಕ್ಕೆ ಅರ್ಥ. ಹಳೆಯ ಚೀಟಿಗಳನ್ನು ಸೂರಿನ ಗಳದಲ್ಲಿ ಸಿಕ್ಕಿಸಿಟ್ಟು ಜೋಪಾನ ಮಾಡುವ ಹಳ್ಳಿಗರ ಅಭ್ಯಾಸವನ್ನು ಪೇಟೆಯ ವೈದ್ಯರು ನಗೆಯಾಡುವುದುಂಟು. ಈ ಕಾಯಿಲೆಯಲ್ಲಿ ಆ ಚೀಟಿಯೇ ವೈದ್ಯನಿಗೆ ಕಣ್ಣು.

ಇನ್ನು ಕಾರಣಗಳ ವಿಚಾರ. ಸ್ಥೂಲವಾಗಿ ಇವು ಮೂರು ಬಗೆ. ಮೂತ್ರಪಿಂಡಕ್ಕೆ ಬರುವ ರಕ್ತವೇ ಕಡಿಮೆಯಾಗುವುದು ಒಂದು. ವಾಂತಿಭೇದಿ, ರಕ್ತಸ್ರಾವ, ವಿಪರೀತ ಬೆವರು, ಸೋಂಕಿನಿಂದ ರಕ್ತದೊತ್ತಡ ಕುಸಿಯುವುದು ಇವೆಲ್ಲ ಈ ಬಗೆಗೆ ಸೇರುತ್ತವೆ. ಅಂಗದೊಳಗೇ ವಿಷದಿಂದಲೋ ರೋಗದಿಂದಲೋ ಹಾನಿಯಾಗುವುದು ಇನ್ನೊಂದು. ಮೂತ್ರದ ದಾರಿ ಕಟ್ಟಿಕೊಳ್ಳುವುದು ಮೂರನೆಯದು. ವೃದ್ಧರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತ, ಇತರರಲ್ಲಿ ಹರಳು ಇದಕ್ಕೆ ಕಾರಣವಾಗುತ್ತವೆ. ಹಳ್ಳಿಯ ದವಾಖಾನೆಗೆ ಬರುವುದರಲ್ಲಿ ಮೊದಲ ಬಗೆಯೇ ಬಹಳ. ಗುಣವಾಗುವುದೂ ಅದೇ ಬೇಗ. ಆದರೆ ಮೊದಲ ಬಗೆಯನ್ನು ಎರಡು ದಿನ ಅಲಕ್ಷಿಸಿದರೆ ಹಸಿದ ನಳಿಕೆಗಳು ಸತ್ತು ಅದೇ ಎರಡನೆಯ ಬಗೆಯಾಗುತ್ತದೆ.

ನೋವಿನ ಗುಳಿಗೆಯ ಪಾತ್ರವನ್ನು ನೀರಾವರಿ ಸೀಮೆಯ ರೈತರಿಗೆ ತಿಳಿಸಿಹೇಳುವುದು ಕಷ್ಟವಲ್ಲ. ರಕ್ತನಾಳಗಳ ಗೊಂಚಲಿಗೆ ಒಳಬರುವ ತೂಬು ಒಂದು, ಹೊರಹೋಗುವ ತೂಬು ಇನ್ನೊಂದು. ಕಾಲುವೆಯಲ್ಲಿ ನೀರು ಇಳಿದಾಗ ಒಳತೂಬನ್ನು ಅಗಲಿಸಿ ಹೊರತೂಬನ್ನು ಕಿರಿದುಗೊಳಿಸಿದರೆ ಗೊಂಚಲಿನಲ್ಲಿ ಒತ್ತಡ ಉಳಿದು ಸೋಸುವಿಕೆ ನಡೆದೇ ನಡೆಯುತ್ತದೆ. ಶರೀರ ಮಾಡುವುದೂ ಇದನ್ನೇ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಮೊದಲಾದ ನೋವಿನ ಗುಳಿಗೆಗಳು ಒಳತೂಬು ಅಗಲವಾಗದಂತೆ ತಡೆಯುತ್ತವೆ. ಎನಲಾಪ್ರಿಲ್, ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಜಾತಿಯ ರಕ್ತದೊತ್ತಡದ ಗುಳಿಗೆಗಳು ಹೊರತೂಬು ಕಿರಿದಾಗದಂತೆ ಮಾಡುತ್ತವೆ. ಮೂತ್ರ ಹೆಚ್ಚಿಸುವ ಗುಳಿಗೆ ಕಾಲುವೆಯ ನೀರನ್ನೇ ಇಳಿಸುತ್ತದೆ. ಮೂರೂ ಒಟ್ಟಿಗೆ ಸೇರಿದರೆ ಅಂಗಕ್ಕೆ ತನ್ನನ್ನು ತಾನು ಕಾಪಾಡಿಕೊಳ್ಳಲು ಯಾವ ಉಪಾಯವೂ ಉಳಿಯುವುದಿಲ್ಲ. ಬ್ರಿಟನ್ನಿನಲ್ಲಿ ರಕ್ತದೊತ್ತಡದ ಔಷಧಿ ಸೇವಿಸುತ್ತಿದ್ದ ಸುಮಾರು 4 ಲಕ್ಷ 87 ಸಾವಿರ ಜನರ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮೂರು ಔಷಧಿಗಳನ್ನೂ ಕೂಡಿಸಿ ಸೇವಿಸಿದವರಿಗೆ ಹಠಾತ್ ಮೂತ್ರಪಿಂಡ ವೈಫಲ್ಯದ ಸಂಭವ ಶೇಕಡ 31ರಷ್ಟು ಹೆಚ್ಚೆಂದು ಕಂಡುಬಂದಿತು. ಮೊದಲ ಮೂವತ್ತು ದಿನಗಳಲ್ಲಿ ಆ ಸಂಭವ ಇನ್ನೂ ಅಧಿಕವಾಗಿದ್ದಿತು. ರಕ್ತದೊತ್ತಡದ ಗುಳಿಗೆಗಳೇ ಕೆಟ್ಟವೆಂದು ಇದರಿಂದ ಯಾರೂ ತಿಳಿಯಬಾರದು. ನಿತ್ಯದ ದಿನಗಳಲ್ಲಿ ಹೃದಯವನ್ನೂ ಮೂತ್ರಪಿಂಡವನ್ನೂ ಕಾಯುವ ಗುಳಿಗೆಗಳೇ ಅವು. ನೀರಿಲ್ಲದ ದಿನ ಅವುಗಳ ಗುಣವೇ ಬೇರೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಅರವತ್ತು ವರ್ಷದ ಒಕ್ಕಲಿಗನೊಬ್ಬ ಮದುವೆಯ ಊಟ ಮಾಡಿ ಬಂದ ರಾತ್ರಿಯಿಂದ ಭೇದಿ. ನೀರು ಕುಡಿದರೆ ಭೇದಿ ಹೆಚ್ಚೀತೆಂದು ಮನೆಯವರು ನೀರನ್ನು ತಡೆಯುತ್ತಾರೆ. ಎರಡನೆಯ ದಿನ ಮೈಕೈ ನೋವು. ಅಂಗಡಿಯಿಂದ ನೋವಿನ ಗುಳಿಗೆ ಬರುತ್ತದೆ. ರಕ್ತದೊತ್ತಡದ ಗುಳಿಗೆಯನ್ನು ಒಂದು ದಿನವೂ ತಪ್ಪಿಸಬಾರದೆಂದು ಡಾಕ್ಟರು ಹೇಳಿದ್ದರಲ್ಲ, ಅದನ್ನೂ ನುಂಗುತ್ತಾನೆ. ಮೂರನೆಯ ದಿನ ಭೇದಿ ನಿಲ್ಲುತ್ತದೆ. ಮನೆಯವರಿಗೆ ಸಮಾಧಾನ. ಮೂತ್ರವೂ ನಿಂತಿದೆಯೆಂಬುದು ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಐದನೆಯ ದಿನ ಮುಖ ಬಾತು, ವಾಕರಿಕೆ ಹಿಡಿದು, ಉಸಿರು ಮೇಲಾದಾಗ ಗಾಡಿ ಮಾಡಿಕೊಂಡು ಜಿಲ್ಲಾ ಆಸ್ಪತ್ರೆಗೆ ಓಡುತ್ತಾರೆ. ಮೊದಲ ದಿನವೇ ನಾಲ್ಕು ಪೊಟ್ಟಣ ಲವಣ ಸಕ್ಕರೆಯ ಪುಡಿ, ಎರಡನೆಯ ದಿನ ‘ಈ ಗುಳಿಗೆಗಳನ್ನು ಸದ್ಯಕ್ಕೆ ನಿಲ್ಲಿಸು’ ಎಂಬ ಒಂದು ಮಾತು ಇವಿಷ್ಟು ದೊರೆತಿದ್ದರೆ ಆತ ಐದನೆಯ ದಿನ ಹೊಲದಲ್ಲಿರುತ್ತಿದ್ದ.

ಲವಣ ಸಕ್ಕರೆಯ ನೀರಿನ ಮಹತ್ವ ಮೊದಲಿಗೆ ದೊಡ್ಡ ಪ್ರಮಾಣದಲ್ಲಿ ಸಿದ್ಧವಾದದ್ದು ಭಾರತದ ನೆಲದಲ್ಲಿಯೇ. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸ್, ಸೋಡಾಗಳನ್ನು ನೀರಿನಲ್ಲಿ ಕಲಸಿ ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇಕಡ 30ರ ಆಸುಪಾಸಿನಲ್ಲಿದ್ದ ಮರಣಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. ಇಂದಿನ ಪೊಟ್ಟಣದಲ್ಲಿರುವುದು 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪರಿಷ್ಕರಿಸಿದ ಮಿಶ್ರಣ. ಒಂದು ಲೀಟರಿಗೆ 20.5 ಗ್ರಾಂ. ಪೊಟ್ಟಣ ಸಿಕ್ಕದ ಕಡೆ ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾದ ಆರು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಪುಡಿಯನ್ನು ಅರ್ಧ ಪೊಟ್ಟಣ, ಅರ್ಧ ಲೋಟ ಎಂದು ಅಂದಾಜಿನಲ್ಲಿ ಕಲಸಬಾರದು. ಅಂಗಡಿಯಲ್ಲಿ ಸಿಕ್ಕುವ ಸಿಹಿಪಾನೀಯಗಳ ವಿಷಯದಲ್ಲಿಯೂ ಎಚ್ಚರ ಬೇಕು. ಸಕ್ಕರೆ ತುಂಬಿದ ಪಾನೀಯಗಳ ಹೊದಿಕೆಯ ಮೇಲೆ ಒಆರ್‌ಎಸ್ ಎಂದು ಅಚ್ಚು ಹಾಕುವುದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ಹಲವು ವರ್ಷ ಹೋರಾಡಿದ ಫಲವಾಗಿ, 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಅದನ್ನು ನಿಷೇಧಿಸಿತು.

ಹಾವಿನ ಕಡಿತವೂ ಈ ಕಾಯಿಲೆಗೆ ಒಂದು ದೊಡ್ಡ ಬಾಗಿಲು. 2000ದಿಂದ 2019ರ ವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರ ಸಂಖ್ಯೆ ಸುಮಾರು 12 ಲಕ್ಷವೆಂದು 2020ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ವರ್ಷಕ್ಕೆ ಸರಾಸರಿ 58 ಸಾವಿರ. ಬದುಕಿ ಉಳಿದವರಲ್ಲಿ ಮೂತ್ರಪಿಂಡವನ್ನು ಕಳೆದುಕೊಂಡವರು ಈ ಲೆಕ್ಕದಲ್ಲಿ ಸೇರಿಲ್ಲ. ನಾಗರಹಾವಿನ ವಿಷ ನರಗಳಿಗೆ ಏರುತ್ತದೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸಿ ಮೂತ್ರಪಿಂಡವನ್ನು ಹಿಡಿಯುತ್ತದೆ. ಇದನ್ನು ತಿಳಿಯುವ ಪರೀಕ್ಷೆ ಯಾವ ದವಾಖಾನೆಯಲ್ಲಿಯೂ ಸಾಧ್ಯ. ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರು ರಕ್ತ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಬಳಿಕ ವಾಲಿಸಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ಪ್ರತಿವಿಷವನ್ನು ಅಲ್ಲಿಯೇ ಆರಂಭಿಸಬೇಕು. ನಗರಕ್ಕೆ ಕಳುಹಿಸಿ ಅಲ್ಲಿ ಕೊಡಿಸೋಣವೆಂದು ಕಾಯುವ ಪ್ರತಿ ಗಂಟೆಯೂ ನಳಿಕೆಗಳಿಗೆ ನಷ್ಟ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಡಾ. ಕಿರ್ಪಾಲ್ ಸಿಂಗ್ ಚುಗ್ ಅವರು ಹಾವಿನ ವಿಷದಿಂದಾಗುವ ಮೂತ್ರಪಿಂಡ ವೈಫಲ್ಯವನ್ನು ಅಭ್ಯಸಿಸಿದ ಭಾರತೀಯರಲ್ಲಿ ಅಗ್ರಗಣ್ಯರು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಇದು ಸ್ವಾಗತಾರ್ಹ ಕ್ರಮ. ವರದಿಯ ನಮೂನೆಯ ಜೊತೆಗೆ ಪ್ರತಿವಿಷದ ಸೀಸೆಗಳೂ ಸದಾ ಕಪಾಟಿನಲ್ಲಿದ್ದರೆ ಅದರ ಉದ್ದೇಶ ಈಡೇರೀತು.

ಕರಾವಳಿ, ಮಲೆನಾಡುಗಳ ಗದ್ದೆಗಳಲ್ಲಿ ಮಳೆಗಾಲದ ಇಲಿಜ್ವರವೂ ಹೀಗೆಯೇ ಮೂತ್ರಪಿಂಡವನ್ನು ಕಾಡುತ್ತದೆ. ಜ್ವರ, ಕಾಲಿನ ಮೀನಖಂಡದ ತೀವ್ರ ನೋವು, ಕೆಂಪಡರಿದ ಕಣ್ಣು ಈ ಮೂರು ಕೂಡಿದರೆ ನಾಟಿಯ ಕೆಲಸಕ್ಕೆ ಹೋಗಿದ್ದೆಯಾ ಎಂದು ವಿಚಾರಿಸಬೇಕು. ಆರಂಭದಲ್ಲಿಯೇ ಕೊಟ್ಟರೆ ಅಗ್ಗದ ಡಾಕ್ಸಿಸೈಕ್ಲಿನ್ ಗುಳಿಗೆ ಸಾಕಾಗುತ್ತದೆ. ಹೆರಿಗೆಯ ರಕ್ತಸ್ರಾವ ಮತ್ತು ಅಶುದ್ಧ ಗರ್ಭಪಾತದಿಂದ ಬರುತ್ತಿದ್ದ ವೈಫಲ್ಯ ಮಾತ್ರ ಆಸ್ಪತ್ರೆಯ ಹೆರಿಗೆಗಳು ಹೆಚ್ಚಿದಂತೆ ಬಹುಮಟ್ಟಿಗೆ ಇಳಿದಿದೆ.

ಮದ್ದೆಂದು ಕುಡಿದದ್ದೇ ವಿಷವಾದ ಪ್ರಸಂಗಗಳೂ ಇವೆ. ಕೊಬ್ಬಿಗೆ, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಬಿಂಬುಳಿಯ ರಸವನ್ನು ಲೋಟಗಟ್ಟಲೆ ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರ ವಿವರ ಕೇರಳದಿಂದ 2013ರಲ್ಲಿ ವರದಿಯಾಗಿದೆ. ಸಾರಿಗೆ ಹಾಕುವ ಎರಡು ಕಾಯಿಯಿಂದ ಭಯವಿಲ್ಲ. ಆಕ್ಸಲೇಟ್ ಆಮ್ಲ ತುಂಬಿದ ಹಸಿರಸವೇ ಅಪಾಯಕಾರಿ. 2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಔಷಧಿ ಕುಡಿದು ಎಳೆಯ ಮಕ್ಕಳು ಮೂತ್ರ ಕಟ್ಟಿ ತೀರಿಕೊಂಡದ್ದನ್ನು ದೇಶವೇ ಕಂಡಿತು. 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದೂ ಇದೇ ರಾಸಾಯನಿಕ. ಸುಮಾರು ತೊಂಬತ್ತು ವರ್ಷಗಳ ನಂತರವೂ ಅದೇ ತಪ್ಪು ಮರುಕಳಿಸುವುದು ನಾಚಿಕೆಯ ಸಂಗತಿ.

ಇಷ್ಟೆಲ್ಲ ಹೇಳಿದ ಮೇಲೆ ಆಶಾದಾಯಕವಾದ ಮಾತನ್ನೂ ಹೇಳಬೇಕು. ಮೆದುಳಿನ, ಹೃದಯದ ಜೀವಕೋಶಗಳು ಸತ್ತರೆ ಸತ್ತವೇ. ಮೂತ್ರಪಿಂಡದ ನಳಿಕೆಗಳ ಕೋಶಗಳು ಹಾಗಲ್ಲ. ಉಳಿದ ಕೋಶಗಳು ಮರಿಮಾಡಿಕೊಂಡು ನಳಿಕೆಯ ಒಳಗೋಡೆಯನ್ನು ಮತ್ತೆ ಕಟ್ಟಬಲ್ಲವು. 1941ರಲ್ಲಿ, ಲಂಡನ್ ಮೇಲೆ ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿ, ಕುಸಿದ ಕಟ್ಟಡಗಳಡಿ ಗಂಟೆಗಟ್ಟಲೆ ಸಿಕ್ಕಿಬಿದ್ದವರು ಹೊರತೆಗೆದ ಮೇಲೆ ಚೇತರಿಸಿಕೊಂಡಂತೆ ಕಂಡು, ಕೆಲವು ದಿನಗಳಲ್ಲಿ ಮೂತ್ರ ಕಟ್ಟಿ ಸಾಯುವುದನ್ನು ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ವರ್ಣಿಸಿದರು. ಜಜ್ಜಿಹೋದ ಮಾಂಸಖಂಡಗಳಿಂದ ಹೊರಬಿದ್ದ ದ್ರವ್ಯ ನಳಿಕೆಗಳನ್ನು ಕಟ್ಟಿಸಿತ್ತು. ಅದೇ ಯುದ್ಧದ ನಡುವೆ, ಜರ್ಮನರ ಆಕ್ರಮಣಕ್ಕೊಳಗಾಗಿದ್ದ ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯ ಮರದ ಪಟ್ಟಿಗಳ ಉರುಳೆಗೆ ಸೆಲೊಫೇನ್ ಕೊಳವೆಯನ್ನು ಸುತ್ತಿ, ಅದರೊಳಗೆ ರೋಗಿಯ ರಕ್ತವನ್ನು ಹರಿಸಿ ಶುದ್ಧಗೊಳಿಸುವ ಯಂತ್ರವನ್ನು 1943ರಲ್ಲಿ ಬಳಕೆಗೆ ತಂದ. ಮೊದಲ ಎರಡು ವರ್ಷಗಳಲ್ಲಿ ಆತ ಉಪಚರಿಸಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. ಆತ ಬಿಡಲಿಲ್ಲ. 1945ರ ಸೆಪ್ಟೆಂಬರಿನಲ್ಲಿ 67 ವರ್ಷದ ವೃದ್ಧೆಯೊಬ್ಬಳು ಬದುಕಿಕೊಂಡಳು. ಆಕೆಗಿದ್ದುದು ಹಠಾತ್ ವೈಫಲ್ಯವೇ. ಯಂತ್ರ ಕೆಲವು ಗಂಟೆಗಳ ಕಾಲ ರಕ್ತವನ್ನು ಶುದ್ಧಗೊಳಿಸಿ ಆಕೆಯನ್ನು ಉಳಿಸಿಕೊಂಡಿತು, ಮೂತ್ರಪಿಂಡಗಳು ತಾವಾಗಿಯೇ ಎಚ್ಚೆತ್ತವು. ಡಯಾಲಿಸಿಸ್ ಇಂದಿಗೂ ಮಾಡುವುದು ಅಷ್ಟೇ. ಅಂಗವನ್ನು ಅದು ಗುಣಪಡಿಸುವುದಿಲ್ಲ, ಗುಣವಾಗಲು ಕಾಲಾವಕಾಶ ಕೊಡುತ್ತದೆ. 2016ರಲ್ಲಿ ಪ್ರಧಾನ ಮಂತ್ರಿಗಳ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ಮೇಲೆ ಬಡವರಿಗೂ ಈ ಸೌಕರ್ಯ ಹತ್ತಿರವಾಗಿದೆ. ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಘಟಕಗಳಿವೆ. ದಾನಿಗಳ ಹೆಸರು ಕೆತ್ತಿದ ಯಂತ್ರಗಳನ್ನೂ ಅಲ್ಲಲ್ಲಿ ಕಾಣಬಹುದು. ಯಂತ್ರದ ದಾನ ಕಣ್ಣಿಗೆ ಕಾಣುವಂಥದು. ಯಂತ್ರದವರೆಗೆ ಹೋಗದಂತೆ ತಡೆದ ರೋಗಿಯ ಹೆಸರನ್ನು ಯಾವ ಫಲಕದ ಮೇಲೂ ಬರೆಯಲಾಗುವುದಿಲ್ಲ. ಆದುದರಿಂದಲೇ ಆ ಕಡೆಗೆ ದಾನದ ಗಮನ ಕಡಿಮೆ.

ಜಗತ್ತಿನ ಇತರ ಕಡೆಗಳಲ್ಲಿ ಈ ತಡೆಯುವ ಪ್ರಯತ್ನಗಳು ನಡೆದಿವೆ. ಅಂತರರಾಷ್ಟ್ರೀಯ ಮೂತ್ರಪಿಂಡ ತಜ್ಞರ ಸಂಘದ ಅಂದಾಜಿನಂತೆ ಪ್ರತಿವರ್ಷ ಸುಮಾರು 1 ಕೋಟಿ 33 ಲಕ್ಷ ಜನರಿಗೆ ಈ ಕಾಯಿಲೆ ಬರುತ್ತಿದ್ದು, ಅವರಲ್ಲಿ ಶೇಕಡ 85ರಷ್ಟು ಜನ ಅಭಿವೃದ್ಧಿಶೀಲ ದೇಶಗಳವರು. ಮರಣಗಳು ಸುಮಾರು 17 ಲಕ್ಷ. 2025ರೊಳಗೆ ತಡೆಯಬಹುದಾದ ಒಂದು ಸಾವೂ ಆಗಬಾರದೆಂದು ಆ ಸಂಘ 2013ರಲ್ಲಿ ಸಂಕಲ್ಪ ಮಾಡಿತು. ಬೊಲಿವಿಯಾದ ಕೊಚಬಾಂಬಾ, ನೇಪಾಳದ ಧರಾನ್, ಮಲಾವಿಯ ಬ್ಲಾಂಟೈರ್ ಈ ಮೂರು ಕಡೆ ಸಣ್ಣ ಆರೋಗ್ಯ ಕೇಂದ್ರಗಳಲ್ಲಿ ಬೆರಳ ತುದಿಯ ರಕ್ತದಿಂದಲೇ ಕ್ರಿಯಾಟಿನಿನ್ ಅಳೆಯುವ ಸಾಧನವನ್ನು ಕೊಟ್ಟು, ಅಲ್ಲಿಯ ಸಿಬ್ಬಂದಿಗೆ ಶಿಕ್ಷಣವಿತ್ತು ಪರೀಕ್ಷಿಸಿದರು. ಅಂತಹ ಕೇಂದ್ರಗಳಲ್ಲಿ ರೋಗವನ್ನು ಹಿಡಿಯುವುದೂ ಉಪಚರಿಸುವುದೂ ಸಾಧ್ಯವೆಂದು 2021ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿತು. 2025 ಬಂದು ಕಳೆಯಿತು. ಗುರಿ ಇನ್ನೂ ದೂರವಿದೆ. ಇಂಗ್ಲೆಂಡಿನಲ್ಲಿ 2014ರ ಆದೇಶದಂತೆ ಪ್ರಯೋಗಶಾಲೆಯ ಗಣಕಯಂತ್ರವೇ ರೋಗಿಯ ಹಳೆಯ ಅಂಕಿಯೊಡನೆ ಹೊಸದನ್ನು ಹೋಲಿಸಿ ವೈದ್ಯನನ್ನು ಎಚ್ಚರಿಸುತ್ತದೆ. ಸ್ಕಾಟ್ಲೆಂಡಿನ ಹೈಲ್ಯಾಂಡ್ ಪ್ರಾಂತದಲ್ಲಿ 2013ರಿಂದ ರೋಗಿಗಳ ಕೈಗೆ ಒಂದು ಚೀಟಿ ಕೊಡುವ ಪದ್ಧತಿ ಬಂದಿತು: ವಾಂತಿ, ಭೇದಿ, ಜ್ವರ ಹಿಡಿದ ದಿನ ಯಾವ ಯಾವ ಗುಳಿಗೆಗಳನ್ನು ನಿಲ್ಲಿಸಬೇಕು, ಸರಿಯಾಗಿ ಉಂಡು ಕುಡಿಯತೊಡಗಿದ ಒಂದೆರಡು ದಿನಗಳ ಬಳಿಕ ಮತ್ತೆ ಯಾವಾಗ ಆರಂಭಿಸಬೇಕು ಎಂದು. ಈ ಚೀಟಿಯ ಉಪಯೋಗದ ಬಗ್ಗೆ ತಜ್ಞರಲ್ಲಿ ಏಕಾಭಿಪ್ರಾಯವಿಲ್ಲ; ದೃಢವಾದ ಸಾಕ್ಷ್ಯ ಕಡಿಮೆ. ನಮ್ಮ ಹಳ್ಳಿಗಳಲ್ಲಿ ಒಮ್ಮೆ ನಿಲ್ಲಿಸಿದ ಗುಳಿಗೆಯನ್ನು ಮತ್ತೆ ಆರಂಭಿಸದೆಯೇ ಬಿಡುವವರು ಬಹಳ. ಬರಿಯ ಚೀಟಿಗಿಂತ, ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ‘ನಿಲ್ಲಿಸಿ’ ಎಂದು ಹೇಳಿ, ನಾಲ್ಕನೆಯ ದಿನ ಮತ್ತೆ ಬಂದು ‘ಆರಂಭಿಸಿದಿರಾ?’ ಎಂದು ಕೇಳುವುದೇ ನಮ್ಮಲ್ಲಿ ಹೆಚ್ಚು ಫಲಕಾರಿ.

ನೀರು ಕುಡಿಸುವುದರಲ್ಲಿಯೂ ಒಂದು ಮೇರೆಯಿದೆ. ಭೇದಿಯಿಂದ ಒಣಗಿದವನಿಗೆ ದ್ರವ ಕೊಟ್ಟಾಗ ಕೆಲವು ಗಂಟೆಗಳಲ್ಲಿ ನಾಲಗೆ ಹಸಿಯಾಗಿ, ನಾಡಿ ತುಂಬಿ, ಮೂತ್ರ ಇಳಿಯಬೇಕು. ಇಳಿಯದಿದ್ದರೂ ಸಲೈನ್ ಬಾಟಲಿಗಳನ್ನು ಒಂದರ ಮೇಲೊಂದು ಹತ್ತಿಸುತ್ತ ಹೋದರೆ ಆ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಮೂತ್ರ ನಿಂತ ರೋಗಿಗೆ ಎಳನೀರು, ಮೋಸಂಬಿ ರಸಗಳೂ ಹಿತವಲ್ಲ. ನೋಡಲು ಬರುವ ಬಂಧುಗಳೆಲ್ಲ ಒಂದೊಂದು ಎಳನೀರು ಹಿಡಿದುಕೊಂಡು ಬರುವುದು ನಮ್ಮ ಕಡೆಯ ಮರ್ಯಾದೆ. ಅದರಲ್ಲಿ ಪೊಟ್ಯಾಸಿಯಂ ಅಂಶ ಹೆಚ್ಚು. ಹೊರಹೋಗಲು ದಾರಿಯಿಲ್ಲದೆ ರಕ್ತದಲ್ಲಿ ಕೂಡಿಕೊಂಡರೆ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ದ್ರವ ಕೊಟ್ಟ ಮೇಲೂ ಆರು ಗಂಟೆ ಮೂತ್ರವಾಗದಿರುವುದು, ಉಸಿರು ಕಟ್ಟುವುದು, ಮಂಪರು ಕವಿಯುವುದು, ಮೂತ್ರ ಕಡುಚಹದ ಬಣ್ಣಕ್ಕೆ ತಿರುಗುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಕಳುಹಿಸಬೇಕು. ಕಳುಹಿಸುವ ಚೀಟಿಯಲ್ಲಿ ಎಷ್ಟು ಕುಡಿಸಲಾಯಿತು, ಎಷ್ಟು ಮೂತ್ರವಾಯಿತು, ಯಾವ ಗುಳಿಗೆಗಳನ್ನು ಎಂದು ನುಂಗಿದ್ದ ಎಂಬುದನ್ನು ಬರೆದುಕೊಟ್ಟರೆ ಅಲ್ಲಿಯ ವೈದ್ಯರಿಗೆ ಅರ್ಧ ದಿನ ಉಳಿಯುತ್ತದೆ.

ಪಾದಯಾತ್ರೆಯ ಸೇವಾಶಿಬಿರಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಗುಳಿಗೆಯ ಡಬ್ಬಿಗಿಂತ ಮೊದಲು ಒಆರ್‌ಎಸ್ ನೀರಿನ ಹಂಡೆ ಇರಬೇಕು. ಕಾಲುನೋವೆಂದು ಬಂದವನನ್ನು ಕೂರಿಸಿ, ಎರಡು ಲೋಟ ಕುಡಿಸಿ, ಬಿಪಿ ಗುಳಿಗೆ ನುಂಗುತ್ತೀಯಾ, ಬೆಳಗಿನಿಂದ ಮೂತ್ರಕ್ಕೆ ಹೋಗಿದ್ದೆಯಾ ಎಂದು ಕೇಳಬೇಕು. ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಮೂತ್ರಪಿಂಡಕ್ಕೆ ಹೆಚ್ಚಿನ ಭಾರವಿಲ್ಲ. ಮೂತ್ರ ಕಡಿಮೆಯಾಗಿದೆ ಎಂದವನನ್ನು ಆ ದಿನ ಮುಂದೆ ನಡೆಯಗೊಡದೆ ನೆರಳಿನಲ್ಲಿ ಉಳಿಸಿಕೊಳ್ಳಬೇಕು.

ಆಸ್ಪತ್ರೆಯಿಂದ ಗುಣಹೊಂದಿ ಮರಳಿದವನ ಕಥೆ ಅಲ್ಲಿಗೆ ಮುಗಿಯಿತೆಂದು ಭಾವಿಸುವುದು ಸಾಮಾನ್ಯ. ಒಮ್ಮೆ ಪೆಟ್ಟು ತಿಂದ ಮೂತ್ರಪಿಂಡ ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಕ್ಷೀಣಿಸುವ ಸಂಭವ ಇತರರಿಗಿಂತ ಹೆಚ್ಚು. ಆದುದರಿಂದ ಮೂರು ತಿಂಗಳ ಬಳಿಕ ಆತನನ್ನು ಮತ್ತೆ ಕರೆಸಿ, ಕ್ರಿಯಾಟಿನಿನ್ ನೋಡಿ, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಪಟ್ಟಿಯನ್ನದ್ದಿ ಪರೀಕ್ಷಿಸಬೇಕು. ಈ ಕೆಲಸಕ್ಕೆ ನಗರಕ್ಕೆ ಹೋಗಬೇಕಾಗಿಲ್ಲ. ಆತ ತನ್ನ ಹಳೆಯ ಚೀಟಿಗಳನ್ನೆಲ್ಲ ಕಟ್ಟಿಕೊಂಡು ಊರ ದವಾಖಾನೆಗೆ ಬಂದರೆ, ಅಲ್ಲಿಯವರು ಆ ದಿನದ ಅಂಕಿಯನ್ನು ಹಳೆಯ ಅಂಕಿಗಳ ಕೆಳಗೆ, ತಾರೀಖು ಸಹಿತ, ಅದೇ ಹಾಳೆಯಲ್ಲಿ ಬರೆದಿಡಬೇಕು.